ಐದು ತಾಲ್ಲೂಕು, ಎರಡು ಕ್ಷೇತ್ರ: ಪಶ್ಚಿಮ ತಾಲ್ಲೂಕುಗಳ ದೆಹಲಿ ಪ್ರಾತಿನಿಧ್ಯ

ಕೊಟ್ಟೂರಿನಿಂದ ಹರಪನಹಳ್ಳಿಗೆ ಬಸ್ಸು ಹತ್ತಿದರೆ ಒಂದು ತಾಸಿನೊಳಗಿನ ದಾರಿ. ಎರಡೂ ಊರು ಈಗ ವಿಜಯನಗರ ಜಿಲ್ಲೆಯವು. ಹೆಣ್ಣು ಕೊಡುವುದು ತರುವುದು, ಸಂತೆ, ತೇರು, ಮಠ, ಎಲ್ಲದರಲ್ಲೂ ಈ ಸೀಮೆ ಒಂದೇ. ಎಂಪಿ ಎಲೆಕ್ಷನ್ ಬಂದಾಗ ಮಾತ್ರ ನಡುವೆ ಒಂದು ಗೆರೆ ಬೀಳುತ್ತದೆ: ಕೊಟ್ಟೂರಿನವರ ಓಟು ಬಳ್ಳಾರಿ ಕ್ಷೇತ್ರಕ್ಕೆ, ಹರಪನಹಳ್ಳಿಯವರದು ದಾವಣಗೆರೆ ಕ್ಷೇತ್ರಕ್ಕೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ಪಶ್ಚಿಮ ತಾಲ್ಲೂಕುಗಳು ದೆಹಲಿಯ ಶಾಸನಸಭೆಗೆ ಪ್ರತಿನಿಧಿಯನ್ನು ಕಳಿಸಲು ತೊಡಗಿ ನೂರು ವರ್ಷ ದಾಟಿತು. ಇಷ್ಟು ಕಾಲವೂ ಇವು ಮತ್ತೊಂದು ದೊಡ್ಡ ಊರಿನ ಹೆಸರಿನ ಬೆನ್ನಿಗೇ ಇದ್ದವು. ಆ ನಡೆದುಬಂದ ದಾರಿಯನ್ನು ಒಂದೆಡೆ ಬರೆದಿಡುವುದು ಈ ಲೇಖನದ ಕೆಲಸ.

1800ರಲ್ಲಿ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ನಮ್ಮದು ದತ್ತ ಮಂಡಲದ ಭಾಗ, ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಹರಪನಹಳ್ಳಿಯ ಪಾಳೆಯಗಾರರ ಆಳ್ವಿಕೆಯ ನೆನಪು ಇನ್ನೂ ಹಸಿಯಾಗಿದ್ದ ಕಾಲವದು. 1919ರ ಸುಧಾರಣೆಯಂತೆ ದೆಹಲಿಯಲ್ಲಿ ಕೇಂದ್ರ ಶಾಸನಸಭೆ ಏರ್ಪಟ್ಟು, 1920ರಲ್ಲಿ ಮೊದಲ ಚುನಾವಣೆ ನಡೆದಾಗ ಬಳ್ಳಾರಿ ಜಿಲ್ಲೆಗೆಂದು ಬೇರೆ ಸ್ಥಾನ ಇರಲಿಲ್ಲ. ದತ್ತ ಮಂಡಲದ ಜಿಲ್ಲೆಗಳೆಲ್ಲವೂ, ಅವುಗಳ ಜೊತೆಗೆ ಚಿತ್ತೂರೂ ಸೇರಿ ಒಂದು ಗ್ರಾಮೀಣ ಕ್ಷೇತ್ರ. ಕಂದಾಯ, ತೆರಿಗೆ ಕಟ್ಟುವ ಅನುಕೂಲಸ್ಥರಿಗಷ್ಟೇ ಓಟು. ತುಂಗಭದ್ರೆಯ ದಂಡೆಯ ಹಡಗಲಿಯ ರೈತನಿಗೂ ತಿರುಪತಿ ಬೆಟ್ಟದ ಕೆಳಗಿನ ವ್ಯಾಪಾರಿಗೂ ದೆಹಲಿಯಲ್ಲಿ ಒಬ್ಬನೇ ಪ್ರತಿನಿಧಿ. ಸಿ. ದುರೈಸ್ವಾಮಿ ಅಯ್ಯಂಗಾರ್ ಆ ಸ್ಥಾನದಲ್ಲಿದ್ದರು. 1934ರಲ್ಲಿ ಗೆದ್ದ ಎಂ. ಅನಂತಶಯನಂ ಅಯ್ಯಂಗಾರ್ ಚಿತ್ತೂರಿನಲ್ಲಿ ವಕೀಲಿಕೆ ಮಾಡಿದವರು. ಮುಂದೆ ಲೋಕಸಭೆಯ ಸ್ಪೀಕರ್ ಆಗಿ ದೇಶಕ್ಕೆಲ್ಲ ಪರಿಚಿತರಾದರು. ಅಷ್ಟು ದೊಡ್ಡ ಸಂಸದೀಯ ಪಟು ಒಂದು ಕಾಲಕ್ಕೆ ಕೂಡ್ಲಿಗಿಗೂ ಹರಪನಹಳ್ಳಿಗೂ ಪ್ರತಿನಿಧಿ ಎನಿಸಿದ್ದರೆಂಬುದು ನಮ್ಮ ಸೀಮೆಯಲ್ಲಿ ಇಂದು ಯಾರ ಬಾಯಲ್ಲೂ ಇಲ್ಲ. ಇರಲು ಕಾರಣವೂ ಇಲ್ಲ. ಕನ್ನಡ ಮಾತಾಡುವ ನಮ್ಮ ಒಣ ತಾಲ್ಲೂಕುಗಳು ಅಷ್ಟು ವಿಶಾಲವಾದ ತೆಲುಗು ಕ್ಷೇತ್ರದ ಅಂಚಿನಲ್ಲಿದ್ದವು.

ಪಕ್ಕದ ಸಂಡೂರಿನ ಸ್ಥಿತಿ ಬೇರೆ. ಘೋರ್ಪಡೆ ಮನೆತನ ಆಳುತ್ತಿದ್ದ 161 ಚದರ ಮೈಲಿಯ ಪುಟ್ಟ ಸಂಸ್ಥಾನ ಅದು. ಸಂವಿಧಾನ ಸಭೆಗೆ ಸಂಸ್ಥಾನಗಳಿಂದ ಹತ್ತು ಲಕ್ಷ ಜನಕ್ಕೊಬ್ಬ ಪ್ರತಿನಿಧಿ ಎಂಬ ಲೆಕ್ಕ ಇದ್ದಾಗ, ಅಂಥ ಸಂಸ್ಥಾನಕ್ಕೆ ತನ್ನದೇ ಸ್ಥಾನ ಸಿಗುವಂತಿರಲಿಲ್ಲ. ಚಿಕ್ಕವನ್ನೆಲ್ಲ ಗುಂಪು ಕಟ್ಟಿ ಸೇರಿಸಿದ್ದರು. 1949ರಲ್ಲಿ ಸಂಡೂರು ಮದರಾಸಿನಲ್ಲಿ ವಿಲೀನವಾಗಿ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕಾಯಿತು. ಅರಮನೆ ಇದ್ದ ಸಂಡೂರಿಗೂ ಅರಮನೆಯಿಲ್ಲದ ಕೂಡ್ಲಿಗಿಗೂ ಆ ದಿನದಿಂದ ಒಂದೇ ದಾರಿ.

1952ರ ಜನವರಿ. ಎಲ್ಲ ವಯಸ್ಕರಿಗೂ ಓಟು ಬಂದ ಮೊದಲ ಚುನಾವಣೆ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ. ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಆಗ ಇರಲಿಲ್ಲ. ಮರೆಯೊಳಗೆ ಹೋಗಿ ಮನಸ್ಸಿಗೆ ಬಂದ ಪೆಟ್ಟಿಗೆಯ ಸೀಳಿನಲ್ಲಿ ಚೀಟಿ ಇಳಿಬಿಟ್ಟರೆ ಓಟು ಆಯಿತು. ಅಕ್ಷರ ಬಾರದವರೇ ಹೆಚ್ಚಿದ್ದ ನಮ್ಮ ಹಳ್ಳಿಗಳಿಗೆ ಅದು ಒಗ್ಗುವಂಥ ವ್ಯವಸ್ಥೆ. ನೊಗ ಹೊತ್ತ ಜೋಡೆತ್ತು ಕಾಂಗ್ರೆಸ್ಸಿನ ಗುರುತು. ಬೇಸಾಯದ ಮನೆಯವರು ಅದನ್ನು ಗುರುತಿಸಲು ಯಾರೂ ಹೇಳಿಕೊಡಬೇಕಿರಲಿಲ್ಲ. ಆ ವರ್ಷ ಮದರಾಸು ರಾಜ್ಯದ 75 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ ಗೆದ್ದದ್ದು 35 ಮಾತ್ರ. ಬಳ್ಳಾರಿ ಆ 35ರಲ್ಲಿ ಒಂದು. ಗೆದ್ದವರು ಸ್ವಾತಂತ್ರ್ಯ ಹೋರಾಟಗಾರ ಟೇಕೂರ್ ಸುಬ್ರಹ್ಮಣ್ಯಂ.

ಅವರು ಸಂಸತ್ತಿಗೆ ಹೋಗಿ ವರ್ಷ ತುಂಬುವುದರೊಳಗೆ ಕ್ಷೇತ್ರದ ನೆಲವೇ ಅಲುಗಾಡಿತು. ಆಂಧ್ರ ರಾಜ್ಯ ರಚನೆಯ ಮಾತು ಬಂದಾಗ ಹತ್ತು ತಾಲ್ಲೂಕುಗಳ ಬಳ್ಳಾರಿ ಜಿಲ್ಲೆ ಯಾರಿಗೆ ಎಂಬ ಜಗಳ ಎದ್ದಿತು. 1953ರ ಮಾರ್ಚ್ 25ರಂದು ಪ್ರಧಾನಿ ನೆಹರೂ ಸಂಸತ್ತಿನಲ್ಲಿ ಸರ್ಕಾರದ ತೀರ್ಮಾನ ತಿಳಿಸಿದರು: ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ಮೈಸೂರಿಗೆ, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಬಳ್ಳಾರಿ ತಾಲ್ಲೂಕಿನ ತೀರ್ಮಾನ ಆಮೇಲೆ. ನ್ಯಾಯಮೂರ್ತಿ ಮಿಶ್ರಾ ವಿಚಾರಣೆ ನಡೆಸಿದ ಮೇಲೆ ಬಳ್ಳಾರಿಯೂ ಮೈಸೂರಿಗೆ ಬಂತು. ಏಕೀಕರಣದ ಚರಿತ್ರೆ ಬರೆಯುವವರು ಬಳ್ಳಾರಿ ಪಟ್ಟಣದ ಹೋರಾಟವನ್ನೂ, ಆಸಿಡ್ ಬಲ್ಬಿಗೆ ಬಲಿಯಾದ ಪಿಂಜಾರ ರಂಜಾನ್ ಸಾಬರನ್ನೂ ನೆನೆಯುತ್ತಾರೆ, ನೆನೆಯಲೇಬೇಕು. ಜೊತೆಗೆ ಇದನ್ನೂ ಹೇಳಬೇಕು: ಪಶ್ಚಿಮ ತಾಲ್ಲೂಕುಗಳ ಕನ್ನಡತನದ ಬಗ್ಗೆ ಯಾವ ಪಕ್ಷಕ್ಕೂ ತಕರಾರೇ ಇರಲಿಲ್ಲ. ಜಗಳವಿಲ್ಲದ ಕಡೆ ಸುದ್ದಿಯೂ ಹುಟ್ಟುವುದಿಲ್ಲ. ಆ ವರ್ಷದ ಕಥೆಯಲ್ಲಿ ನಮ್ಮ ತಾಲ್ಲೂಕುಗಳ ಹೆಸರು ಒಂದು ಸಾಲಿಗೆ ನಿಂತಿರುವುದು ಅದಕ್ಕೇ.

ಮದರಾಸಿನಿಂದ ಆರಿಸಿಹೋಗಿದ್ದ ಸುಬ್ರಹ್ಮಣ್ಯಂ, ತಾಲ್ಲೂಕುಗಳು ಮೈಸೂರಿಗೆ ಸೇರಿದ 1953ರ ಅಕ್ಟೋಬರ್ 1ರಂದು ಮರುಚುನಾವಣೆ ಇಲ್ಲದೆಯೇ ಮೈಸೂರು ರಾಜ್ಯದ ಸಂಸದರಾದರು. ನಮ್ಮ ಶಾಸಕರೂ ಮದರಾಸಿನ ಸಭೆ ಬಿಟ್ಟು ಬೆಂಗಳೂರಿಗೆ ಬಂದರು. 1957, 1962ರಲ್ಲೂ ಸುಬ್ರಹ್ಮಣ್ಯಂ ಅವರೇ ಗೆದ್ದರು. ಅವರ ಅವಧಿಯಲ್ಲೇ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು. ಆ ನೀರಿನ ಲೆಕ್ಕ ನಮ್ಮವರ ಮನಸ್ಸಿನಲ್ಲಿ ಇಂದಿಗೂ ಚುಕ್ತಾ ಆಗಿಲ್ಲ. ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯವು ಎಷ್ಟೋ. ಕಾಲುವೆಗಳು ಹರಿದದ್ದು ಬಳ್ಳಾರಿ, ಸಿರುಗುಪ್ಪ, ರಾಯಚೂರು, ಆಂಧ್ರದ ಕಡೆಗೆ. ಎರೆ ಹೊಲ, ಮನೆ, ದೇವಸ್ಥಾನ ಬಿಟ್ಟುಕೊಟ್ಟವರು ಎತ್ತರದ ಮಸಾರಿ ನೆಲಕ್ಕೆ ಬಂದು ಮತ್ತೆ ಮಳೆಯ ದಾರಿ ಕಾದರು. ಭತ್ತದ ಗದ್ದೆಯ ಬಳ್ಳಾರಿ ಸೀಮೆಗೂ ಜೋಳ, ಶೇಂಗಾ, ರಾಗಿಯ ಕೂಡ್ಲಿಗಿ ಸೀಮೆಗೂ ಒಬ್ಬನೇ ಸಂಸದ ಇದ್ದಾಗ ನೀರಾವರಿಯ ಮಾತು ಎಂದರೆ ಕಾಲುವೆಯ ಕೊನೆ ಭಾಗದ ಮಾತೇ ಆಗುತ್ತಿತ್ತು. ಏತ ನೀರಾವರಿ, ಕೆರೆ ತುಂಬಿಸುವುದು ಎಂಬ ಬೇಡಿಕೆಗಳು ಗಟ್ಟಿಯಾಗಲು ದಶಕಗಳೇ ಹಿಡಿದವು. ಹಡಗಲಿ ಕಡೆಯ ಸಿಂಗಟಾಲೂರು ಯೋಜನೆ, ಕೂಡ್ಲಿಗಿಯ 74 ಕೆರೆ ತುಂಬಿಸುವ ಯೋಜನೆ, ಎರಡೂ ಆ ಹಳೆಯ ಬಾಕಿಯ ಕಂತುಗಳೇ.

1967ರಲ್ಲಿ ಬಳ್ಳಾರಿಯಿಂದ ನಿಂತು ಗೆದ್ದವರು ಡಾ. ವಿ.ಕೆ.ಆರ್.ವಿ. ರಾವ್. ಈ ಕ್ಷೇತ್ರದ ಚರಿತ್ರೆಯಲ್ಲಿ ನನಗೆ ಅತ್ಯಂತ ಹೆಮ್ಮೆ ತರುವ ಹೆಸರು ಇದು, ಹೆಚ್ಚು ಮರೆತುಹೋದ ಹೆಸರೂ ಇದೇ. ಕಾಂಚೀಪುರದಲ್ಲಿ ಹುಟ್ಟಿ, ಮುಂಬಯಿಯಲ್ಲಿ, ಕೇಂಬ್ರಿಜ್‌ನಲ್ಲಿ ಓದಿದವರು. ಭಾರತದ ರಾಷ್ಟ್ರೀಯ ವರಮಾನವನ್ನು ಶಾಸ್ತ್ರೀಯವಾಗಿ ಲೆಕ್ಕ ಹಾಕಿದ ಮೊದಲಿಗರಲ್ಲಿ ಒಬ್ಬರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ದೆಹಲಿ ವಿಶ್ವವಿದ್ಯಾಲಯದ ಕುಲಪತಿ, ಯೋಜನಾ ಆಯೋಗದ ಸದಸ್ಯ. ನಮ್ಮ ಓಟಿನ ಬಲದಿಂದ ಲೋಕಸಭೆಗೆ ಹೋಗಿ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಮೊದಲು ಸಾರಿಗೆ ಮತ್ತು ಹಡಗು ಸಾಗಣೆ, 1969ರಿಂದ ಶಿಕ್ಷಣ ಖಾತೆ ನೋಡಿಕೊಂಡರು.

ಗಾಂಧೀಜಿ ಜನ್ಮಶತಾಬ್ದಿಯ ಆ ವರ್ಷ, 1969ರ ಸೆಪ್ಟೆಂಬರ್ 24ರಂದು, ಶಿಕ್ಷಣ ಸಚಿವರಾಗಿ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು. ನಮ್ಮ ಕಾಲೇಜುಗಳಲ್ಲಿ ಎನ್ಎಸ್ಎಸ್ ಕ್ಯಾಂಪಿಗೆ ಹೋಗದ ತಲೆಮಾರು ಇಲ್ಲ. ಹಳ್ಳಿಯ ಶಾಲೆಯಲ್ಲಿ ಏಳು ದಿನ ಮಲಗಿ, ಬೆಳಿಗ್ಗೆ ಚರಂಡಿ ತೋಡಿ, ಗುಡಿಯ ಮುಂದಿನ ಕಸ ಎತ್ತಿ, ಸಂಜೆ ಹಾಡು ಹಸೆ ನಾಟಕ ಆಡಿದ ನೂರಾರು ಹುಡುಗ ಹುಡುಗಿಯರಿಗೆ ಆ ಯೋಜನೆ ತಂದ ಮಂತ್ರಿ ತಮ್ಮದೇ ಕ್ಷೇತ್ರದ ಎಂಪಿ ಎಂದು ಯಾರೂ ಹೇಳಲಿಲ್ಲ. ಗಾಂಧೀಜಿಯ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕ ಇರುವ ಕೂಡ್ಲಿಗಿಯಲ್ಲಾದರೂ ಈ ಮಾತು ಮಕ್ಕಳಿಗೆ ಗೊತ್ತಿರಬೇಕಿತ್ತು. 1971ರಲ್ಲಿ ರಾಯರು ಮತ್ತೆ ಗೆದ್ದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಕಟ್ಟಿದಾಗಲೂ ಅವರು ಬಳ್ಳಾರಿಯ ಸಂಸದರೇ. ಕ್ಷೇತ್ರದೊಳಗಿನವರಲ್ಲದ ಅಭ್ಯರ್ಥಿ ಬಂದರೆ ನಮ್ಮಲ್ಲಿ ಈಗ ಮುನಿಸು ಏಳುತ್ತದೆ, ಅದು ತಪ್ಪೂ ಅಲ್ಲ. ರಾಯರಂಥವರನ್ನು ಎರಡು ಸಲ ಆರಿಸಿದ್ದು ಮಾತ್ರ ಈ ಜನ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಎಂದೇ ನಾನು ಹೇಳುತ್ತೇನೆ.

1977ರಲ್ಲಿ ಕೆ.ಎಸ್. ವೀರಭದ್ರಪ್ಪ, 1980ರಲ್ಲಿ ಸಂಡೂರು ರಾಜಮನೆತನದ ಆರ್.ವೈ. ಘೋರ್ಪಡೆ. ಜೋಡೆತ್ತು ಹೋಗಿ ಹಸು ಕರು ಬಂದಿತ್ತು, ಹಸು ಕರು ಹೋಗಿ ಕೈ ಬಂತು. ಪಕ್ಷ ಒಡೆದರೂ ಕ್ಷೇತ್ರ ಅಲುಗಲಿಲ್ಲ. ಹಡಗಲಿಯಲ್ಲಿ 1983ರಿಂದ ಜನತಾ ಪಕ್ಷದ ಎಂ.ಪಿ. ಪ್ರಕಾಶ್ ಗೆಲ್ಲುತ್ತಿದ್ದ ಕಾಲದಲ್ಲೂ ಎಂಪಿ ಓಟು ಕಾಂಗ್ರೆಸ್ಸಿಗೇ ಹೋಗುತ್ತಿತ್ತು. ಪ್ರಕಾಶ್ ಉಪಮುಖ್ಯಮಂತ್ರಿಯವರೆಗೆ ಏರಿದರು. ರಂಗಭೂಮಿ, ಸಾಹಿತ್ಯದಲ್ಲೂ ದೊಡ್ಡ ಹೆಸರು. ಲೋಕಸಭೆಗೆ ಮಾತ್ರ ಅವರು ಹೋಗಲಿಲ್ಲ. ಪಶ್ಚಿಮ ತಾಲ್ಲೂಕುಗಳ ದನಿಯನ್ನು ದೆಹಲಿಯಲ್ಲಿ ಕೇಳಿಸಬಲ್ಲ ಮನುಷ್ಯ ಬೆಂಗಳೂರಿನಲ್ಲೇ ಉಳಿದರೆಂಬ ಕೊರಗು ಬಹಳ ಮಂದಿಗಿದೆ, ನನಗೂ ಇದೆ.

1984ರಿಂದ ಮೂರು ಅವಧಿ ಬಸವರಾಜೇಶ್ವರಿ. ಬಳ್ಳಾರಿಯಿಂದ ಲೋಕಸಭೆಗೆ ಹೋದ ಮೊದಲ ಮಹಿಳೆ. ಪಿ.ವಿ. ನರಸಿಂಹ ರಾವ್ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ರಾಜ್ಯ ಸಚಿವೆ. ದೇವದಾಸಿ ಪದ್ಧತಿ ಆಳವಾಗಿ ಬೇರುಬಿಟ್ಟಿದ್ದ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ಆ ಇಲಾಖೆ ಹತ್ತಿರದ್ದು. 1993ರ ಗಾಂಧಿ ಜಯಂತಿಯಂದು ಆ ಇಲಾಖೆಯ ಮಹಿಳಾ ಸಮೃದ್ಧಿ ಯೋಜನೆ ಶುರುವಾಯಿತು: ಹಳ್ಳಿಯ ಹೆಂಗಸು ಅಂಚೆ ಕಚೇರಿಯಲ್ಲಿ ವರ್ಷದಲ್ಲಿ 300 ರೂಪಾಯಿ ಉಳಿಸಿದರೆ ಸರ್ಕಾರ 75 ರೂಪಾಯಿ ಸೇರಿಸುತ್ತಿತ್ತು. ಸ್ವಸಹಾಯ ಸಂಘಗಳು ಮನೆಮಾತಾಗುವ ಮೊದಲು, ತನ್ನ ಹೆಸರಿನ ಪಾಸ್‌ಬುಕ್ಕನ್ನು ಹೆಣ್ಣಿನ ಕೈಗೆ ಕೊಟ್ಟ ಯೋಜನೆ ಅದು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸದರ ಪ್ರದೇಶಾಭಿವೃದ್ಧಿ ನಿಧಿ ಬಂತು. ಎಂಪಿ ಎಂದರೆ ಗ್ಯಾಸ್ ಕನೆಕ್ಷನ್ ಚೀಟಿ, ಟೆಲಿಫೋನ್ ಶಿಫಾರಸು ಎಂದಿದ್ದ ಕಾಲ ಹೋಗಿ, ಎಂಪಿ ಎಂದರೆ ಸಮುದಾಯ ಭವನ, ಬಸ್ ತಂಗುದಾಣ ಎಂಬ ಕಾಲ ಶುರುವಾಯಿತು.

1996, 1998ರಲ್ಲಿ ಕೆ.ಸಿ. ಕೊಂಡಯ್ಯ ಗೆದ್ದರು. ಆಮೇಲಿನದು ಇಡೀ ದೇಶ ನೋಡಿದ ಚುನಾವಣೆ. 1999ರ ಆಗಸ್ಟಿನಲ್ಲಿ ಸೋನಿಯಾ ಗಾಂಧಿ ಬಳ್ಳಾರಿಯಲ್ಲಿ ನಾಮಪತ್ರ ಸಲ್ಲಿಸಿದರು, ಅವರ ಎದುರು ಸುಷ್ಮಾ ಸ್ವರಾಜ್. ಪಶ್ಚಿಮ ತಾಲ್ಲೂಕುಗಳ ಹಳ್ಳಿಗಳಿಗೆ ಅಲ್ಲಿಯವರೆಗೆ ಅಷ್ಟು ಮಂದಿ ಕ್ಯಾಮೆರಾದವರು, ಪತ್ರಿಕೆಯವರು ಬಂದದ್ದಿಲ್ಲ. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ವೇದಿಕೆಗಳಲ್ಲಿ ಕನ್ನಡದಲ್ಲೇ ಮಾತಾಡಿದರು. ಸೋತ ಮೇಲೂ ವರ್ಷ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಅಂತರ 56,100 ಮತ. ಗೆದ್ದ ಸೋನಿಯಾ ಅಮೇಥಿ ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. 2000ದ ಉಪಚುನಾವಣೆಯಲ್ಲಿ ಕೋಳೂರು ಬಸವನಗೌಡ ಆರಿಸಿಬಂದರು. 1999ರ ಆ ಎರಡು ತಿಂಗಳ ಗದ್ದಲದಲ್ಲಿ ನಮ್ಮ ಊರುಗಳ ಬರ, ಗುಳೆ, ಕುಡಿಯುವ ನೀರು ದೇಶದ ಪತ್ರಿಕೆಗಳಲ್ಲಿ ಬಂದವು. ಗದ್ದಲ ಮುಗಿದಾಗ ಗುಳೆ ಮುಂದುವರಿದಿತ್ತು.

1952ರಿಂದ ಒಂದೇ ಪಕ್ಷಕ್ಕೆ ನಿಷ್ಠವಾಗಿದ್ದ ಕ್ಷೇತ್ರ 2004ರಲ್ಲಿ ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಅವರನ್ನು ಗೆಲ್ಲಿಸಿತು. ಅದೇ ಕರುಣಾಕರ ರೆಡ್ಡಿ 2008ರಲ್ಲಿ ಹರಪನಹಳ್ಳಿಯ ಶಾಸಕರಾದರು.

ಆ ಹೊತ್ತಿಗೆ ಕ್ಷೇತ್ರದ ಸ್ವರೂಪವೇ ಬದಲಾಯಿತು, ಅದರ ಬೇರು ಇನ್ನೂ ಹಿಂದಿದೆ. 1991ರಲ್ಲಿ ಸಂಸತ್ತು ತಿದ್ದುಪಡಿ ತಂದು ಕರ್ನಾಟಕದ ನಾಯಕ, ಬೇಡ, ವಾಲ್ಮೀಕಿ ಜನರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು. 2001ರ ಜನಗಣತಿಯಲ್ಲಿ ಆ ಎಣಿಕೆ ಬಂತು. ಅದರ ಮೇಲೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಕ್ಷೇತ್ರಗಳನ್ನು ಮರುವಿಂಗಡಿಸಿತು. ಬಳ್ಳಾರಿ ಲೋಕಸಭೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಕೂಡ್ಲಿಗಿ ವಿಧಾನಸಭೆಯೂ ಅದೇ ವರ್ಗಕ್ಕೆ, ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ. ಒಂದು ಕಾಲಕ್ಕೆ ಪಾಳೆಯಪಟ್ಟು ಆಳಿ, ಆಮೇಲೆ ಕೂಲಿಗೆ ಇಳಿದ ಸಮುದಾಯದ ಮಕ್ಕಳು ದೆಹಲಿಗೆ ಹೋಗುವ ಬಾಗಿಲು ತೆರೆದದ್ದು ಹೀಗೆ. ಅದೇ ಆಯೋಗ ಕೊಟ್ಟೂರು ವಿಧಾನಸಭಾ ಕ್ಷೇತ್ರವನ್ನು ಅಳಿಸಿತು. ಗುರು ಕೊಟ್ಟೂರೇಶ್ವರನ ತೇರಿಗೆ ಲಕ್ಷ ಜನ ಸೇರುವ ಊರಿನ ಹೆಸರು ಮತಪಟ್ಟಿಯ ಮೇಲ್ಭಾಗದಿಂದ ಮಾಯವಾಗಿ, ಆ ಊರು ಹಗರಿಬೊಮ್ಮನಹಳ್ಳಿ ಕ್ಷೇತ್ರದೊಳಗೆ ಸೇರಿತು.

2009ರಲ್ಲಿ ಜೆ. ಶಾಂತಾ ಎರಡು ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. 2014ರಲ್ಲಿ ಬಿ. ಶ್ರೀರಾಮುಲು. ಅವರು ವಿಧಾನಸಭೆಗೆ ಹೋದ ಮೇಲೆ 2018ರ ನವೆಂಬರಿನ ಉಪಚುನಾವಣೆಯಲ್ಲಿ ವಿ.ಎಸ್. ಉಗ್ರಪ್ಪ ಎರಡು ಲಕ್ಷ ನಲವತ್ತು ಸಾವಿರ ದಾಟಿದ ಅಂತರದಿಂದ ಗೆದ್ದು, ಆರು ತಿಂಗಳಿಗೆ ಸೋತರು. 2019ರಲ್ಲಿ ಗೆದ್ದ ವೈ. ದೇವೇಂದ್ರಪ್ಪ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯವರು. ಪಶ್ಚಿಮ ತಾಲ್ಲೂಕಿನ ಮನುಷ್ಯ ಬಳ್ಳಾರಿಯ ಸಂಸದನಾದ, ಅವನ ಹುಟ್ಟೂರು ಮಾತ್ರ ದಾವಣಗೆರೆ ಲೋಕಸಭೆಗೆ ಸೇರಿದ್ದು! 2024ರಲ್ಲಿ ಸಂಡೂರಿನ ಇ. ತುಕಾರಾಂ ಬಳ್ಳಾರಿಯಿಂದ, ಡಾ. ಪ್ರಭಾ ಮಲ್ಲಿಕಾರ್ಜುನ್ ದಾವಣಗೆರೆಯಿಂದ ಆರಿಸಿಬಂದರು. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ದಾವಣಗೆರೆಯ ಸಂಸದರು ಜಿ.ಎಂ. ಸಿದ್ದೇಶ್ವರ.

ಹರಪನಹಳ್ಳಿಯ ಅಲೆದಾಟವನ್ನು ತುಸು ನಿಂತು ನೋಡಬೇಕು. 1997ರ ಆಗಸ್ಟಿನಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ಕಿತ್ತು ಅತ್ತ ಸೇರಿಸಿದರು. ದಾವಣಗೆರೆ ಹತ್ತಿರ, ಆಸ್ಪತ್ರೆ, ಕಾಲೇಜು, ಮಾರುಕಟ್ಟೆ ಅಲ್ಲೇ. ಬಹಳ ಮಂದಿಗೆ ಅನುಕೂಲವೇ ಆಯಿತು. 2012ರಲ್ಲಿ ಸಂಸತ್ತು 371ಜೆ ವಿಧಿ ಒಪ್ಪಿದಾಗ ಪೆಟ್ಟು ಬಿತ್ತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳ ಜೊತೆ ಬಳ್ಳಾರಿಗೂ ವಿಶೇಷ ಸ್ಥಾನ ಸಿಕ್ಕಿತು. ಅದೇ ಮಳೆ, ಅದೇ ಬರ, ಅದೇ ಬಡತನದ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದ್ದುದರಿಂದ ಹೊರಗುಳಿಯಿತು. ರಸ್ತೆಯ ಈಚೆ ಕೊಟ್ಟೂರು ಕಡೆಯ ಹುಡುಗಿಗೆ ವೈದ್ಯಕೀಯ ಸೀಟಿನಲ್ಲಿ ಮೀಸಲು ಇತ್ತು, ಆಚೆಯ ಹಳ್ಳಿಯ ಅವಳ ಚಿಕ್ಕಪ್ಪನ ಮಗಳಿಗೆ ಇರಲಿಲ್ಲ. ಶಾಸಕ ಎಂ.ಪಿ. ರವೀಂದ್ರ ಅವರ ಅವಧಿಯಲ್ಲಿ ಈ ಕೂಗು ಬಲವಾಗಿ, ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂತು, 371ಜೆಯೂ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಐದೂ ತಾಲ್ಲೂಕು ಹೊಸಪೇಟೆಯ ಜೊತೆ ಒಂದೇ ಜಿಲ್ಲೆಯೊಳಗೆ ಬಂದವು. ಲೋಕಸಭೆಯ ಗೆರೆ ಮಾತ್ರ ಹಳೆಯ ಜಾಗದಲ್ಲೇ ಇದೆ.

ಇದರಿಂದ ಆಗುವ ತೊಂದರೆ ರೈಲಿನ ವಿಷಯದಲ್ಲಿ ಕಣ್ಣಿಗೆ ಕಾಣುತ್ತದೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರಿಗೆ ಹಳೆಯ ಹಳಿ. ಕೊಟ್ಟೂರಿನಿಂದ ಹರಪನಹಳ್ಳಿ, ತೆಲಗಿ ಮೇಲೆ ಹರಿಹರಕ್ಕೆ ದಶಕಗಳ ಕೂಗಿನ ನಂತರ ಬಂದ ಹೊಸ ಹಳಿ. ಹಳಿ ಒಂದೇ, ಕ್ಷೇತ್ರ ಎರಡು. ಹೊಸ ರೈಲು ಬೇಕು, ವೇಳೆ ಬದಲಾಗಬೇಕು ಎಂದರೆ ಮನವಿ ಇಬ್ಬರು ಸಂಸದರಿಗೂ ಹೋಗಬೇಕು. ಇಬ್ಬರಿಗೂ ಈ ಹಳಿ ತಮ್ಮ ಕ್ಷೇತ್ರದ ಅಂಚಿನದು.

ಹಾಗಾದರೆ ಈ ಜಿಲ್ಲೆಗೇ ಒಂದು ಸ್ಥಾನ ಕೇಳಬಹುದೇ? ದೇಶದಲ್ಲಿ ಚಿಕ್ಕ ರಾಜ್ಯಗಳಿಗೆ ಸಂವಿಧಾನ ಕೊಟ್ಟ ಗೌರವ ದೊಡ್ಡದು. 2011ರ ಜನಗಣತಿಯಂತೆ ಸಿಕ್ಕಿಂ ಜನಸಂಖ್ಯೆ ಸುಮಾರು 6.1 ಲಕ್ಷ, ಮಿಜೋರಾಂ ಸುಮಾರು 11 ಲಕ್ಷ. ತಲಾ ಒಬ್ಬ ಲೋಕಸಭಾ ಸದಸ್ಯ, ಒಬ್ಬ ರಾಜ್ಯಸಭಾ ಸದಸ್ಯ. ಇಂದಿನ ವಿಜಯನಗರ ಜಿಲ್ಲೆಯದು ಅದೇ ಗಣತಿಯಲ್ಲಿ ಸುಮಾರು 13.5 ಲಕ್ಷ. ಆ ರಾಜ್ಯಗಳ ಗಡಿ, ಭಾಷೆ, ಚರಿತ್ರೆ ಬೇರೆ. ಅವರಿಗೆ ಸಿಕ್ಕದ್ದು ನ್ಯಾಯವಾದದ್ದೇ. ಕರ್ನಾಟಕದಲ್ಲಿ 28 ಸ್ಥಾನಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 22 ಲಕ್ಷ ಜನ ಬೀಳುತ್ತಾರೆ. ಹಾಗಾಗಿ ವಿಜಯನಗರಕ್ಕೇ ಒಂದು ಪ್ರತ್ಯೇಕ ಸ್ಥಾನ ಕೇಳುವುದು ಲೆಕ್ಕಕ್ಕೆ ಕೂರದು. ಲೆಕ್ಕಕ್ಕೆ ಕೂರುವ ಬೇಡಿಕೆ ಒಂದಿದೆ. ಒಂದು ಲೋಕಸಭೆಗೆ ಎಂಟು ವಿಧಾನಸಭಾ ಕ್ಷೇತ್ರ. ಬಳ್ಳಾರಿಯ ಎಂಟರಲ್ಲಿ ಈಗ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ವಿಜಯನಗರ ಎಂಬ ನಾಲ್ಕು ಈ ಜಿಲ್ಲೆಯವು, ನಾಲ್ಕು ಬಳ್ಳಾರಿ ಜಿಲ್ಲೆಯವು. ಬಳ್ಳಾರಿ ಜಿಲ್ಲೆಯ ಒಂದರ ಬದಲು ಹರಪನಹಳ್ಳಿ ಸೇರಿದರೆ ಎಂಟರಲ್ಲಿ ಐದು ನಮ್ಮವು. ಆಗ ಯಾವ ಪಕ್ಷದ ಅಭ್ಯರ್ಥಿಯಾದರೂ ಮಸಾರಿ ನೆಲದ ಮಾತು ಆಡದೆ ಗೆಲ್ಲಲಾರ.

2026ರ ನಂತರದ ಜನಗಣತಿಯ ಮೇಲೆ ಹೊಸ ಮರುವಿಂಗಡಣೆ ನಡೆಯಬೇಕಿದೆ. ಆಯೋಗ ಕರಡು ಪ್ರಕಟಿಸುತ್ತದೆ, ಆಕ್ಷೇಪಣೆ ಸಲ್ಲಿಸಲು ಗಡುವು ಕೊಡುತ್ತದೆ, ರಾಜ್ಯದ ಒಂದೆರಡು ಊರುಗಳಲ್ಲಿ ಬಹಿರಂಗವಾಗಿ ಕೂತು ಅಹವಾಲು ಕೇಳುತ್ತದೆ. ಅಂತಿಮ ಆದೇಶ ಬಂದ ಮೇಲೆ ಹಾದಿ ಬಹುತೇಕ ಮುಚ್ಚಿದಂತೆಯೇ. ಕಳೆದ ಸಲ ಕೊಟ್ಟೂರಿನ ಹೆಸರು ಹೋದ ಮೇಲೆ ಮಾತಾಡಿದವರು ಬಹಳ. ಈ ಸಲ ಐದು ತಾಲ್ಲೂಕುಗಳ ಪಂಚಾಯಿತಿ, ಪುರಸಭೆ, ವಕೀಲರ ಸಂಘ, ರೈತ ಸಂಘಗಳು ಕರಡು ಬರುವ ಮೊದಲೇ ಒಂದೆಡೆ ಕೂತು ಕಾಗದ ಸಿದ್ಧ ಮಾಡಬೇಕು: 1953ರ ತೀರ್ಮಾನದ ತಾಲ್ಲೂಕು ಪಟ್ಟಿ, ಹಿನ್ನೀರಿನಲ್ಲಿ ಮುಳುಗಿದ ಊರುಗಳ ದಾಖಲೆ, 371ಜೆ ಆದೇಶ, 2021ರ ಜಿಲ್ಲಾ ಅಧಿಸೂಚನೆ, ಹೊಸಪೇಟೆ–ಹರಿಹರ ರೈಲಿನ ನಕ್ಷೆ, ಮತ್ತು ಹರಪನಹಳ್ಳಿಯನ್ನು ಉಳಿದ ನಾಲ್ಕರ ಜೊತೆ ಒಂದೇ ಲೋಕಸಭಾ ಕ್ಷೇತ್ರದಲ್ಲಿರಿಸಿ ಎಂಬ ಒಂದು ಪುಟದ ಮನವಿ.